ಹಳೆಯ ಆಟದ ರೀಮಾಸ್ಟರ್ ಕೊಳ್ಳಬೇಕಾ? ಮೊದಲು ಹಳೆಯದನ್ನೇ ಒಂದು ಸಂಜೆ ಆಡಿ ನೋಡಿ

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಹಗಲು ರಾತ್ರಿ ಆಡುತ್ತಿದ್ದ ಪಿಸಿ ಆಟವೊಂದು ಈಗ ರೀಮಾಸ್ಟರ್ (ಹಳೆಯ ಆಟಕ್ಕೇ ಹೊಸ ಹೊಳಪು ಕೊಟ್ಟ ಆವೃತ್ತಿ) ಆಗಿ ಬಂದಿದೆ. ಹಳೆಯ ಡಿಸ್ಕ್ ಇನ್ನೂ ನನ್ನ ಬಳಿ ಇದೆ. ಟ್ರೇಲರ್ ನೋಡಿದರೆ ಈಗಲೇ ಕೊಂಡುಬಿಡೋಣ ಅನ್ನಿಸುತ್ತದೆ. ಆದರೆ ಬೆಲೆ ಹೆಚ್ಚುಕಡಿಮೆ ಹೊಸ ಆಟದಷ್ಟೇ ಇದೆ. ಕೆಲವರು ಚೆನ್ನಾಗಿದೆ ಅಂತಾರೆ, ಇನ್ನು ಕೆಲವರು ಇದ್ದದ್ದನ್ನೂ ಕೆಡಿಸಿದ್ದಾರೆ ಅಂತ ಬೈಯ್ತಾರೆ. ಒಮ್ಮೆ ಮುಗಿಸಿದ ಆಟಕ್ಕೆ ಮತ್ತೆ ದುಡ್ಡು ಕೊಡುವುದು ಸರೀನಾ? ಹೇಗೆ ತೀರ್ಮಾನ ಮಾಡಲಿ?

ಉತ್ತರ: ಟ್ರೇಲರನ್ನು ಸದ್ಯಕ್ಕೆ ಬದಿಗಿಡಿ. ಹಳೆಯ ಡಿಸ್ಕ್ ಇದೆ ಅಂದಿರಲ್ಲ, ಒಂದು ಸಂಜೆ ಅದನ್ನೇ ಹಾಕಿ ಆಡಲು ಕೂತುಕೊಳ್ಳಿ. ಎಲ್ಲಿ ಅಡ್ಡಿಯಾಗುತ್ತಿದೆ ಅನ್ನುವುದನ್ನಷ್ಟೇ ಗಮನಿಸಿ. ಆಟ ಶುರುವೇ ಆಗಲಿಲ್ಲವಾ? ಶುರುವಾಯಿತು, ಆದರೆ ಕಂಟ್ರೋಲ್ ಕೈಗೆ ಒಗ್ಗಲಿಲ್ಲವಾ? ಇವತ್ತಿನ ದೊಡ್ಡ ಮಾನಿಟರ್‌ನಲ್ಲಿ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವಾ? ಅಥವಾ ಅರ್ಧ ಗಂಟೆಯಲ್ಲೇ ಹಳೆಯ ಗ್ರಾಫಿಕ್ಸ್ ಕಣ್ಣಿಗೆ ಒಗ್ಗಿ, ಊಟದ ಹೊತ್ತು ಮರೆತು ಆಡುತ್ತಾ ಕೂತುಬಿಟ್ಟಿರಾ?

ನನ್ನ ಅಭಿಪ್ರಾಯ ಇಷ್ಟೇ. ನಿಮಗೂ ಹಳೆಯ ಆಟಕ್ಕೂ ನಡುವೆ ಇವತ್ತು ಇರುವ ಅಡ್ಡಿಯನ್ನು ರೀಮಾಸ್ಟರ್ ತೆಗೆದುಹಾಕುತ್ತದೆ ಅಂದರೆ ಅದಕ್ಕೆ ದುಡ್ಡು ಕೊಡಬಹುದು. ಅಡ್ಡಿಯೇ ಇಲ್ಲದಿದ್ದರೆ ಬರೀ ಹೊಳಪಿಗೆ ಪೂರ್ತಿ ಬೆಲೆ ಕೊಡಬೇಡಿ.

ಈ ಅಡ್ಡಿಗಳು ಎಲ್ಲ ಆಟಕ್ಕೂ ಒಂದೇ ಥರ ಇರುವುದಿಲ್ಲ. ಸುಮಾರು 2000ದ ಆಸುಪಾಸಿನ ಎಷ್ಟೋ ಪಿಸಿ ಡಿಸ್ಕ್‌ಗಳಲ್ಲಿ ಸೇಫ್‌ಡಿಸ್ಕ್ ಅನ್ನುವ ಕಾಪಿ ತಡೆ ವ್ಯವಸ್ಥೆ ಇತ್ತು. ವಿಂಡೋಸ್ 10 ಅದನ್ನು ಒಪ್ಪುವುದೇ ಇಲ್ಲ. ಡಿಸ್ಕ್ ಸರಿಯಿದ್ದರೂ ಆಟ ತೆರೆಯುವುದಿಲ್ಲ. ಇನ್ನೂ ಹಳೆಯ ಆಟಗಳ 16 ಬಿಟ್ ಇನ್‌ಸ್ಟಾಲರ್ 64 ಬಿಟ್ ವಿಂಡೋಸ್‌ನಲ್ಲಿ ಓಡುವುದಿಲ್ಲ. ಆನ್‌ಲೈನ್ ಆಟಗಳ ಕಥೆ ಬೇರೆ. ಆನ್‌ಲೈನ್‌ನಲ್ಲಿ ಆಟಗಾರರನ್ನು ಜೋಡಿಸುತ್ತಿದ್ದ ಗೇಮ್‌ಸ್ಪೈ ಸೇವೆ 2014ರಲ್ಲಿ ಮುಚ್ಚಿದಾಗ ಅದನ್ನೇ ನಂಬಿದ್ದ ಎಷ್ಟೋ ಆಟಗಳ ಮಲ್ಟಿಪ್ಲೇಯರ್ ನಿಂತುಹೋಯಿತು. ನಿಮಗೆ ಬೇಕಿರುವುದು ಗೆಳೆಯರ ಜತೆ ಆಡುವುದಾದರೆ ರೀಮಾಸ್ಟರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. 1999ರ ಏಜ್ ಆಫ್ ಎಂಪೈರ್ಸ್ 2 ಆಟದ ಡೆಫಿನಿಟಿವ್ ಎಡಿಷನ್ 2019ರಲ್ಲಿ ಬಂತು. ಆಮೇಲೂ ಹೊಸ ನಾಗರಿಕತೆಗಳು, ಹೊಸ ಅಪ್‌ಡೇಟ್‌ಗಳು ಬರುತ್ತಲೇ ಇವೆ. ಎದುರಾಳಿಗಳು ಸುಲಭವಾಗಿ ಸಿಗುತ್ತಾರೆ. ಇಂಥದ್ದನ್ನು ಕೊಳ್ಳಲು ನಾನು ಯಾರಿಗೂ ಬೇಡ ಅನ್ನುವುದಿಲ್ಲ.

ಇನ್ನೊಂದು ವಿಷಯ. ಬಂದಿರುವುದು ರೀಮಾಸ್ಟರಾ, ರೀಮೇಕಾ ನೋಡಿಕೊಳ್ಳಿ. ರೀಮಾಸ್ಟರ್‌ನಲ್ಲಿ ಒಳಗಿನ ಆಟ ಹಳೆಯದೇ. ಚಿತ್ರ, ಸದ್ದು, ರೆಸಲ್ಯೂಶನ್ ಇವನ್ನು ಸುಧಾರಿಸಿರುತ್ತಾರೆ. ರೀಮೇಕ್ ಅಂದರೆ ಆಟವನ್ನು ಮೊದಲಿನಿಂದ ಹೊಸದಾಗಿ ಮಾಡಿರುತ್ತಾರೆ. 1998ರ ರೆಸಿಡೆಂಟ್ ಈವಿಲ್ 2 ಆಟಕ್ಕೂ 2019ರ ಅದೇ ಹೆಸರಿನ ಆಟಕ್ಕೂ ಕಥೆ ಒಂದೇ ಬೇರಿನದ್ದು, ಆಡುವ ಅನುಭವ ಪೂರ್ತಿ ಬೇರೆ. ಹಾಗಾಗಿ ರೀಮೇಕ್ ಆದರೆ ಅದನ್ನು ಹೊಸ ಆಟ ಅಂತಲೇ ತೂಗಿ ನೋಡಿ. ಕಂಪನಿಗಳು ಡೆಫಿನಿಟಿವ್, ಆನಿವರ್ಸರಿ, ಎನ್‌ಹಾನ್ಸ್ಡ್ ಅಂತ ಮನಸ್ಸಿಗೆ ಬಂದ ಹೆಸರು ಇಡುತ್ತವೆ. ಹೆಸರು ನೋಡಿ ಏನೂ ಗೊತ್ತಾಗುವುದಿಲ್ಲ.

ಕೆಡಿಸಿದ್ದಾರೆ ಅಂತ ಬೈಯುವವರ ಮಾತನ್ನು ತಳ್ಳಿಹಾಕಬೇಡಿ. ಬರೀ ಹಳೆಯದರ ಮೋಹದಿಂದ ಅವರು ಹಾಗೆ ಹೇಳುತ್ತಿಲ್ಲ. ಹಳೆಯ ಆಟ ಮಾಡಿದವರ ಬಳಿ ಮೆಮೊರಿ ಕಡಿಮೆ ಇತ್ತು, ಪ್ರೊಸೆಸರ್ ನಿಧಾನ. ಆ ಕೊರತೆಯ ಒಳಗೇ ಅವರು ಆಟದ ರೂಪ ಕಂಡುಕೊಂಡರು. 1999ರ ಮೊದಲ ಸೈಲೆಂಟ್ ಹಿಲ್ ಆಟದಲ್ಲಿ ಊರನ್ನು ಮಂಜು ಮುಚ್ಚಿರುತ್ತದೆ. ದೂರದ ಕಟ್ಟಡಗಳನ್ನು ಒಟ್ಟಿಗೇ ತೋರಿಸುವ ಶಕ್ತಿ ಪ್ಲೇಸ್ಟೇಷನ್‌ಗೆ ಇರಲಿಲ್ಲ. ಆದರೆ ಆ ಆಟ ಹುಟ್ಟಿಸುವ ಭಯ ಆ ಮಂಜಿನಲ್ಲೇ ಇದೆ! ಮುಂದಿನ ಭಾಗಕ್ಕೂ ಮಂಜೇ ಉಸಿರು. 2012ರಲ್ಲಿ ಎರಡು ಮತ್ತು ಮೂರನೇ ಭಾಗಗಳನ್ನು ಸೇರಿಸಿ ಎಚ್‌ಡಿ ಕಲೆಕ್ಷನ್ ತಂದಾಗ ಎರಡನೇ ಭಾಗದ ಮಂಜು ತೆಳುವಾಗಿತ್ತು. ಮಂಜಿನ ಹಿಂದೆ ಇರುವುದು ಕಾಣಬಾರದಿತ್ತು, ಅದು ಕಂಡಿತು. ಆ ತಂಡದ ಕೈಗೆ ಸಿಕ್ಕಿದ್ದು ಅಂತಿಮ ಆಟದ ಕೋಡ್ ಅಲ್ಲ, ಅದಕ್ಕಿಂತ ಹಿಂದಿನ ಅರ್ಧಂಬರ್ಧ ಕೋಡ್. ಇದು ಆ ಒಂದು ತಂಡದ ಪಾಡಷ್ಟೇ ಅಲ್ಲ. ಕಿಂಗ್‌ಡಮ್ ಹಾರ್ಟ್ಸ್ ಮೊದಲ ಆಟದ ಮೂಲ ಸಾಮಗ್ರಿಯೇ ಕಳೆದುಹೋಗಿತ್ತು. ಎಚ್‌ಡಿ ರೂಪಕ್ಕಾಗಿ ಎಷ್ಟೋ ಭಾಗವನ್ನು ಮತ್ತೆ ಕೂತು ಮಾಡಬೇಕಾಯಿತು. ಆಟಗಳನ್ನು ಮಾಡಿದ ಕಂಪನಿಗಳೇ ಅವನ್ನು ಜೋಪಾನ ಮಾಡಲಿಲ್ಲ ಅನ್ನುವುದು ನನಗೆ ತುಂಬಾ ನೋವಿನ ವಿಷಯ.

2021ರ ನವೆಂಬರ್‌ನಲ್ಲಿ ಬಂದ ಜಿಟಿಎ ಟ್ರೈಲಜಿಯನ್ನೂ (ಜಿಟಿಎ ಸರಣಿಯ ಮೂರು ಹಳೆಯ ಆಟಗಳ ರೀಮಾಸ್ಟರ್) ನೋಡಿ. ಮೂರು ದೊಡ್ಡ ಆಟಗಳ ಚಿತ್ರಗಳನ್ನು ಎಐ ನೆರವಿನಿಂದ ಹಿಗ್ಗಿಸಿದ್ದರು. ಬೋರ್ಡ್‌ಗಳ ಮೇಲಿನ ಅಕ್ಷರಗಳು ತಪ್ಪಾದವು. ಡೋನಟ್ ಅಂಗಡಿಯೊಂದರ ಮೇಲೆ ಆರು ಮೂಲೆಯ ನಟ್ ಇತ್ತು. ಮೂಲೆಗಳನ್ನು ನಯ ಮಾಡುವ ಭರದಲ್ಲಿ ಅದು ದುಂಡಗಾಯಿತು. ಬೋಲ್ಟಿನ ನಟ್ ಅನ್ನುವುದೇ ಆ ಬೋರ್ಡಿನ ತಮಾಷೆಯಾಗಿತ್ತು, ಅದು ಹೋಯಿತು. ಆ ಮೂರರಲ್ಲಿ ಒಂದಾದ ಸ್ಯಾನ್ ಆಂಡ್ರಿಯಾಸ್‌ನಲ್ಲಿ ದೂರದ ಮಬ್ಬು ತೆಗೆದದ್ದರಿಂದ, ಒಂದು ರಾಜ್ಯದಷ್ಟು ದೊಡ್ಡದು ಅನ್ನಿಸುತ್ತಿದ್ದ ನಕ್ಷೆ ತೀರಾ ಚಿಕ್ಕದಾಗಿ ಕಂಡಿತು. ಜತೆಗೆ ಕೆಲವು ರೇಡಿಯೊ ಹಾಡುಗಳೂ ಇರಲಿಲ್ಲ. ಹಾಡಿನ ಪರವಾನಗಿ ಮುಗಿದರೆ ಹೀಗೇ ಆಗುವುದು. ಜಿಟಿಎ ಕಂಪನಿ ರಾಕ್‌ಸ್ಟಾರ್ ಕ್ಷಮೆ ಕೇಳಿತು. 2024ರ ನವೆಂಬರ್ ಅಪ್‌ಡೇಟ್‌ನಲ್ಲಿ ಹಳೆಯ ಬೆಳಕಿನ ವ್ಯವಸ್ಥೆಯನ್ನು ಒಂದು ಆಯ್ಕೆಯಾಗಿ ಕೊಟ್ಟರು. ಮೊದಲ ದಿನ ಪೂರ್ತಿ ಬೆಲೆ ಕೊಟ್ಟವರು ಸರಿಯಾದ ಆಟಕ್ಕಾಗಿ 3 ವರ್ಷ ಕಾದ ಹಾಗಾಯಿತು. ಅದಕ್ಕೇ ನಾನು ಬಿಡುಗಡೆಯ ವಾರದಲ್ಲಿ ಕೊಳ್ಳಬೇಡಿ ಅನ್ನುವುದು. ಕಥೆ ನಿಮಗೆ ಮೊದಲೇ ಗೊತ್ತು, ಯಾರೂ ಗುಟ್ಟು ಹೇಳಿ ಕೆಡಿಸಲಾರರು. ಹಾಗಿರುವಾಗ ಆತುರ ಯಾಕೆ?

ಯಾವ ಆವೃತ್ತಿಯಿಂದ ರೀಮಾಸ್ಟರ್ ಮಾಡಿದ್ದಾರೆ ಅನ್ನುವುದನ್ನೂ ಹುಡುಕಿ ನೋಡಿ. 2007ರ ಪಿಸಿ ಕ್ರೈಸಿಸ್ ಆಡಿದವರು 2020ರ ರೀಮಾಸ್ಟರ್ ಹಾಕಿದಾಗ ಒಂದು ಇಡೀ ಹಂತವೇ ಕಾಣೆಯಾಗಿತ್ತು. ಯಾಕೆಂದರೆ ಅದು ಪಿಸಿ ಆಟದಿಂದ ಬಂದದ್ದಲ್ಲ, ಆಮೇಲೆ ಕನ್ಸೋಲ್‌ಗೆ (ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ) ಇಳಿಸಿದ ಆವೃತ್ತಿಯಿಂದ ಬಂದದ್ದು. ಆ ಹಂತವನ್ನು ಮುಂದೆ ಸೇರಿಸಿದರು. ಟ್ರೇಲರ್‌ನಲ್ಲಿ ಇಂಥ ವಿಷಯ ಯಾವತ್ತೂ ಬರುವುದಿಲ್ಲ.

ಚೆನ್ನಾಗಿ ಮಾಡಿದವರೂ ಇದ್ದಾರೆ, ಅವರನ್ನು ಮರೆಯಬಾರದು. 1998ರ ಸ್ಟಾರ್‌ಕ್ರಾಫ್ಟ್ ಆಟವನ್ನು 2017ರಲ್ಲಿ ರೀಮಾಸ್ಟರ್ ಮಾಡುವಾಗ ಚಿತ್ರ, ಸದ್ದು ಮಾತ್ರ ಹೊಸದಾದವು. ಸೈನಿಕರು ದಾರಿ ಹುಡುಕುವಾಗ ತಡವರಿಸುವ ಹಳೆಯ ರೀತಿಯನ್ನೂ ಮುಟ್ಟಲಿಲ್ಲ. ಆಟಗಾರರ ಕೈಚಳಕ ಆ ತಡವರಿಕೆಯ ಮೇಲೇ ನಿಂತಿತ್ತು. ಬ್ಲಿಝಾರ್ಡ್ ಹಳೆಯ ಆಟವನ್ನೂ ಉಚಿತವಾಗಿ ಕೊಟ್ಟಿತು, ಹಳತು ಹೊಸತು ಇಟ್ಟುಕೊಂಡವರು ಒಟ್ಟಿಗೇ ಆಡಬಹುದಿತ್ತು. ಅದೇ ಕಂಪನಿ 2020ರಲ್ಲಿ ವಾರ್‌ಕ್ರಾಫ್ಟ್ 3: ರಿಫೋರ್ಜ್ಡ್ ತಂದಾಗ ನಡೆದದ್ದು ಇದಕ್ಕೆ ಪೂರ್ತಿ ಉಲ್ಟಾ. ಆನ್‌ಲೈನ್ ಆಡುವವರು ಹೊಸ ಕ್ಲೈಂಟ್‌ಗೇ, ಅಂದರೆ ಆಟದ ಹೊಸ ಪ್ರೋಗ್ರಾಮ್‌ಗೇ ಬರಬೇಕಾಯಿತು. ದುಡ್ಡು ಕೊಡದೆ ಹಳೆಯದನ್ನೇ ಆಡಿಕೊಂಡಿದ್ದವರಿಗೂ ಇದ್ದ ಕೆಲವು ಸೌಲಭ್ಯ ಹೋದವು. ಕೊನೆಗೆ ಕಂಪನಿ ಕೇಳಿದವರಿಗೆಲ್ಲ ದುಡ್ಡು ವಾಪಸ್ ಕೊಟ್ಟಿತು. ಹಾಗಾಗಿ ಕಂಪನಿಯ ಹೆಸರು ನೋಡಿ ನಂಬುವ ಹಾಗಿಲ್ಲ, ಒಂದೊಂದು ಆಟವನ್ನೂ ಬೇರೆಯಾಗಿಯೇ ನೋಡಬೇಕು.

ಒಂದು ಗುರುತು ಮಾತ್ರ ನನಗೆ ಯಾವಾಗಲೂ ಭರವಸೆ ಕೊಡುತ್ತದೆ: ಹಳೆಯ ರೂಪಕ್ಕೂ ಹೊಸದಕ್ಕೂ ಆಟದ ನಡುವೆಯೇ ಬದಲಿಸುವ ಬಟನ್. 2020ರ ಕಮಾಂಡ್ ಆಂಡ್ ಕಾಂಕರ್ ಕಲೆಕ್ಷನ್‌ನ ಕ್ಯಾಂಪೇನ್‌ನಲ್ಲಿ (ಒಬ್ಬರೇ ಆಡುವ ಕಥೆಯ ಭಾಗ) ಸ್ಪೇಸ್ ಬಾರ್ ಒತ್ತಿದರೆ 1990ರ ದಶಕದ ಚಿತ್ರ ಬರುತ್ತದೆ. 2021ರ ಡಯಾಬ್ಲೊ 2: ರಿಸರೆಕ್ಟೆಡ್‌ನಲ್ಲೂ ಹೀಗೆ ಬದಲಿಸಬಹುದು. ಆಡುವವನು ಎರಡನ್ನೂ ಅಕ್ಕಪಕ್ಕ ನೋಡಿ ಅಳೆಯಲಿ ಅನ್ನುವ ಧೈರ್ಯ ಇರುವ ತಂಡವೇ ಆ ಬಟನ್ ಕೊಡುವುದು.

ಇನ್ನು ದುಡ್ಡಿನ ಮಾತು. ಹಳೆಯ ಆಟ ಡಿಜಿಟಲ್ ಆಗಿ ನಿಮ್ಮ ಖಾತೆಯಲ್ಲಿ ಇದ್ದರೆ ಮೊದಲು ಅಲ್ಲಿ ನೋಡಿ. 2016ರಲ್ಲಿ ಬಯೊಶಾಕ್ ರೀಮಾಸ್ಟರ್ ಪಿಸಿಯಲ್ಲಿ ಹಳೆಯದನ್ನು ಕೊಂಡವರಿಗೆ ಉಚಿತವಾಗಿ ಸಿಕ್ಕಿತು. 2018ರ ಡಾರ್ಕ್ ಸೋಲ್ಸ್ ರೀಮಾಸ್ಟರ್ಡ್ ಹಳೆಯ ಪಿಸಿ ಆಟ ಇದ್ದವರಿಗೆ ಅರ್ಧ ಬೆಲೆಗೆ ಸಿಕ್ಕಿತು. ಡಿಸ್ಕ್ ಇಟ್ಟುಕೊಂಡವರಿಗೆ ಇಂಥ ರಿಯಾಯಿತಿ ಸಿಗುವುದು ಅಪರೂಪ. ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಕೊಡಬಹುದು. ಆ 2 ಗಂಟೆಯನ್ನು ಸೆಟ್ಟಿಂಗ್ಸ್ ತಿದ್ದುತ್ತಾ ಕಳೆಯಬೇಡಿ. ಹಳೆಯ ಡಿಸ್ಕಿನಲ್ಲಿ ನಿಮಗೆ ಅಡ್ಡಿಯಾದದ್ದು ಯಾವುದೋ ಅದನ್ನು ನೇರವಾಗಿ ಪರೀಕ್ಷೆ ಮಾಡಿ. ಕಂಟ್ರೋಲ್ ಕಷ್ಟವಿತ್ತಾ? ಒಂದು ಕಾಳಗಕ್ಕೆ ಇಳಿದು ನೋಡಿ. ಅದು ಸರಿಹೋಗಿಲ್ಲ ಅಂದರೆ ಅಲ್ಲೇ ನಿಲ್ಲಿಸಿ ವಾಪಸ್ ಕೊಡಿ.

ಪ್ರಶ್ನೆ: ನನ್ನ ಮಗಳು ಟೂಂಬ್ ರೈಡರ್‌ನ ಮೊದಲ ಆಟಗಳನ್ನು ಆಡಬೇಕು ಅಂತಿದ್ದಾಳೆ. ಅವಳಿಗೆ ಹಳೆಯ ನೆನಪು ಏನೂ ಇಲ್ಲ. ಮೂಲ ಆಟವನ್ನೇ ಕೊಡಲಾ, ರೀಮಾಸ್ಟರ್ ಕೊಡಿಸಲಾ?

ಉತ್ತರ: ರೀಮಾಸ್ಟರ್ ಕೊಡಿಸಿ. ಹೊಸಬರಿಗೆ ಗ್ರಾಫಿಕ್ಸ್‌ಗಿಂತ ದೊಡ್ಡ ಅಡ್ಡಿ ಆಟವನ್ನು ಚಾಲೂ ಮಾಡುವ ತಲೆನೋವು. 2024ರಲ್ಲಿ ಬಂದ ಟೂಂಬ್ ರೈಡರ್ 1ರಿಂದ 3ರ ಕಲೆಕ್ಷನ್‌ನಲ್ಲಿ ಆ ತಲೆನೋವು ಇಲ್ಲ. ಹಳೆಯ ಚಿತ್ರಕ್ಕೆ ಬದಲಿಸುವ ಅವಕಾಶವೂ ಇದೆ.

ಒಂದು ಮಾತು ಮಾತ್ರ ಅವಳಿಗೆ ಮೊದಲೇ ಹೇಳಿ. ಇದರಲ್ಲಿ ಎರಡು ಬಗೆಯ ಕಂಟ್ರೋಲ್ ಇದೆ, ಹಳೆಯದು ಮತ್ತು ಇವತ್ತಿನದು. ಇವತ್ತಿನದು ಮೊದಲು ಸುಲಭ ಅನ್ನಿಸುತ್ತದೆ. ಆದರೆ ಆ ಆಟದ ಜಗತ್ತನ್ನು ಒಂದೇ ಅಳತೆಯ ಚೌಕಗಳಿಂದ ಕಟ್ಟಿದ್ದಾರೆ. ಅಂಚಿಗೆ ಬಂದು ನಿಂತು, ಒಂದು ಹೆಜ್ಜೆ ಹಿಂದಕ್ಕೆ ಹಾರಿ, ಓಡಿ ನೆಗೆದರೆ ಆಟದ ನಾಯಕಿ ಲಾರಾ ಎಷ್ಟು ದೂರ ಹೋಗುತ್ತಾಳೆ ಅನ್ನುವುದು ಹಳೆಯ ಕಂಟ್ರೋಲ್‌ನಲ್ಲಿ ಲೆಕ್ಕ ಹಾಕಿದ ಹಾಗೆ ಗೊತ್ತಿರುತ್ತದೆ. ಹೊಸದರಲ್ಲಿ ಆ ಲೆಕ್ಕ ಕೈಗೆ ಸಿಗುವುದು ಕಷ್ಟ. ಮೊದಲು ಬೇಸರವಾದರೂ ಲಾರಾಳ ಮನೆಯಲ್ಲಿ ಅಭ್ಯಾಸ ಮಾಡುವ ಭಾಗವನ್ನು ಹಳೆಯ ಕಂಟ್ರೋಲ್‌ನಲ್ಲೇ ಆಡಲಿ. ಕೈಗೆ ಬಂದ ಮೇಲೆ ಆಟದ ನಿಜವಾದ ಸೊಗಸು ತಿಳಿಯುತ್ತದೆ. ಅವಳಿಗೆ ಹಿಡಿಸಲಿಲ್ಲವೆಂದರೆ ಬಲವಂತ ಬೇಡ.

ಪ್ರಶ್ನೆ: ಅಭಿಮಾನಿಗಳು ಮಾಡಿದ ಮಾಡ್‌ಗಳು (ಆಟವನ್ನು ತಿದ್ದುವ ಸಣ್ಣ ಪ್ರೋಗ್ರಾಮ್‌ಗಳು) ಉಚಿತವಾಗಿ ಸಿಗುವಾಗ ರೀಮಾಸ್ಟರ್‌ಗೆ ದುಡ್ಡು ಯಾಕೆ ಕೊಡಬೇಕು?

ಉತ್ತರ: ಎಷ್ಟೋ ಸಲ ಕೊಡಬೇಕಿಲ್ಲ. 2012ರಲ್ಲಿ ಡಾರ್ಕ್ ಸೋಲ್ಸ್ ಪಿಸಿಗೆ ಬಂದಾಗ ರೆಸಲ್ಯೂಶನ್ ತೀರಾ ಕಡಿಮೆ ಇತ್ತು. ಡಿಎಸ್‌ಫಿಕ್ಸ್ ಅನ್ನುವ ಮಾಡ್ ಬಿಡುಗಡೆಯ ದಿನವೇ ಅದನ್ನು ಸರಿಮಾಡಿತು. ಹಳೆಯ ಆಟಗಳನ್ನು ಇವತ್ತಿನ ಪಿಸಿಯಲ್ಲಿ ಓಡಿಸುವ ಪ್ರೋಗ್ರಾಮ್‌ಗಳೂ ಇವೆ: ವಿಂಡೋಸ್‌ಗಿಂತ ಮುಂಚಿನ ಡಾಸ್ ಕಾಲದ ಆಟಗಳಿಗೆ ಡಾಸ್‌ಬಾಕ್ಸ್, ಹಳೆಯ ಅಡ್ವೆಂಚರ್ ಆಟಗಳಿಗೆ ಸ್ಕಮ್‌ವಿಎಂ, ಮೊರೊವಿಂಡ್‌ಗೆ ಓಪನ್‌ಎಂಡಬ್ಲ್ಯೂ ಇವೆಲ್ಲ ಉಚಿತ. ಆಟದ ಮೂಲ ಫೈಲ್‌ಗಳು ಮಾತ್ರ ನಿಮ್ಮದೇ ಇರಬೇಕು. ಹಳೆಯ ಡಿಸ್ಕ್ ಇರುವವರು ಅದನ್ನು ಎಸೆಯಬಾರದು ಅನ್ನುವುದು ಇದಕ್ಕೇ.

ಒಂದಿಷ್ಟು ತಾಳ್ಮೆ ಬೇಕು, ಅಷ್ಟೇ. ಫೈಲ್ ಅಲ್ಲಿಂದಿಲ್ಲಿಗೆ ಹಾಕುವುದು, ಸೆಟ್ಟಿಂಗ್ಸ್ ಫೈಲ್ ತಿದ್ದುವುದು ನಿಮಗೆ ಬೇಸರವಾದರೆ ದುಡ್ಡು ಕೊಟ್ಟು ನೆಮ್ಮದಿಯಾಗಿ ಆಡಿ, ಅದರಲ್ಲಿ ತಪ್ಪೇನಿಲ್ಲ. ಕನ್ಸೋಲ್‌ನಲ್ಲಿ ಆಡುವವರಿಗೆ ಈ ದಾರಿ ಹೆಚ್ಚಾಗಿ ಇಲ್ಲ. ಈಗಾಗಲೇ ಮಾಡ್ ತುಂಬಿಸಿಕೊಂಡವರು ಇನ್ನೊಂದು ಸಂಗತಿ ನೋಡಿಕೊಳ್ಳಬೇಕು. 2016ರಲ್ಲಿ ಸ್ಕೈರಿಮ್ ಆಟದ ರೀಮಾಸ್ಟರ್ 64 ಬಿಟ್‌ಗೆ ಬದಲಾದಾಗ ಹಳೆಯ ಮಾಡ್‌ಗಳಲ್ಲಿ ಎಷ್ಟೋ ನೇರವಾಗಿ ಹೊಂದಲಿಲ್ಲ, ಅವನ್ನು ಹೊಸದಕ್ಕೆ ತಕ್ಕಂತೆ ಮಾರ್ಪಡಿಸಬೇಕಾಯಿತು.

ಕೊನೆಯದಾಗಿ, ರೀಮಾಸ್ಟರ್ ಬರುತ್ತದೆ ಅಂತ ಸುದ್ದಿಯಾದ ಕೂಡಲೇ ಹಳೆಯ ಡಿಜಿಟಲ್ ಆಟ ಬೇಕಿದ್ದರೆ ಕೊಂಡಿಟ್ಟುಕೊಳ್ಳಿ. ಜಿಟಿಎ ಟ್ರೈಲಜಿ ಬರುವ ಮೊದಲೇ ಮೂಲ ಆಟಗಳನ್ನು ಮಾರಾಟದಿಂದ ತೆಗೆದರು. ಜನ ಬೈದ ಮೇಲೆ ಪಿಸಿಯಲ್ಲಿ ವಾಪಸ್ ತಂದರು. ಡಾರ್ಕ್ ಸೋಲ್ಸ್‌ನ ಹಳೆಯ ಪಿಸಿ ಆಟವನ್ನೂ ಸ್ಟೀಮ್‌ನಿಂದ ತೆಗೆದರು. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ 87ರಷ್ಟು ಈಗ ಮಾರಾಟದಲ್ಲೇ ಇಲ್ಲ. ಒಮ್ಮೆ ಖಾತೆಗೆ ಸೇರಿದ ಆಟ, ಅಂಗಡಿಯಿಂದ ತೆಗೆದ ಮೇಲೂ ಸಾಮಾನ್ಯವಾಗಿ ಡೌನ್‌ಲೋಡ್‌ಗೆ ಸಿಗುತ್ತಲೇ ಇರುತ್ತದೆ. ಆಮೇಲೆ ರೀಮಾಸ್ಟರ್ ಚೆನ್ನಾಗಿ ಬಂದರೆ ಬೆಲೆ ಇಳಿದಾಗ ಅದನ್ನೂ ಕೊಳ್ಳಬಹುದು.