ಕಡಿಮೆ ಬೆಲೆಯ ಉಡುಪು, ಚೆಂದದ ಫೋಟೊ: ಓದುಗರ ಪ್ರಶ್ನೆಗಳಿಗೆ ಉತ್ತರ

ಆನ್‌ಲೈನ್ ಮಳಿಗೆಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಬಟ್ಟೆಗಳನ್ನೇ ಹೊಂದಿಸಿಕೊಂಡು, ವಾರಾಂತ್ಯದ ಸುತ್ತಾಟಕ್ಕೆ ಹಿತವಾಗಿ, ಫೋಟೊಗಳಲ್ಲಿ ಅಂದವಾಗಿ ಕಾಣುವಂತೆ ಉಡುವುದು ಹೇಗೆಂದು ಕೇಳಿ ಹಲವರು ಬರೆದಿದ್ದಾರೆ. ಅವುಗಳಲ್ಲಿ ಐದು ಪ್ರಶ್ನೆಗಳನ್ನು ಈ ಸಂಚಿಕೆಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮೇಡಂ, ನಾನು ಹಾಸನದವಳು. ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿ ಪಿ.ಜಿ.ಯಲ್ಲಿದ್ದೇನೆ. ಶನಿವಾರ, ಭಾನುವಾರ ಗೆಳತಿಯರ ಜೊತೆ ಕಬ್ಬನ್ ಪಾರ್ಕ್, ಚರ್ಚ್ ಸ್ಟ್ರೀಟ್, ನಂದಿ ಬೆಟ್ಟ ಎಂದು ಹೋಗುತ್ತಿರುತ್ತೇವೆ. ಎಲ್ಲ ಫೋಟೊಗಳಲ್ಲೂ ನನ್ನದು ಅದೇ ಎರಡು ಟಾಪ್. ಈ ತಿಂಗಳು ಬಟ್ಟೆಗೆಂದು 2,000 ರೂಪಾಯಿ ಎತ್ತಿಟ್ಟಿದ್ದೇನೆ. ಏನು ಕೊಳ್ಳಲಿ?

ಉತ್ತರ: ಆ ಹಣದಲ್ಲಿ ಐದಾರು ಟಾಪ್‌ಗಳನ್ನು ತರಿಸಿಕೊಳ್ಳುವ ಆಸೆ ಸಹಜ. ಆದರೆ ನನ್ನ ಸಲಹೆ ಕೆಳಗಿನಿಂದ ಆರಂಭಿಸಿ ಎಂಬುದು. ಸೊಂಟದಲ್ಲಿ ಸರಿಯಾಗಿ ಕೂರುವ, ನೇರ ಕಾಲಿನ ಒಂದು ಒಳ್ಳೆಯ ಪ್ಯಾಂಟಿಗೆ, ಅದು ಮಾಸಲು ನೀಲಿ ಜೀನ್ಸ್ ಆಗಿರಲಿ ಅಥವಾ ಬಿಸ್ಕತ್ತಿನ ಬಣ್ಣದ ಕಾಟನ್ ಪ್ಯಾಂಟ್ ಆಗಿರಲಿ, ಹತ್ತಿರ ಹತ್ತಿರ ಅರ್ಧ ಹಣವನ್ನು ಇಡಿ. ಅದೇ ಪ್ಯಾಂಟನ್ನು ಎಷ್ಟು ಸಲ ಹಾಕಿಕೊಂಡರೂ ಫೋಟೊ ನೋಡುವವರ ಗಮನಕ್ಕೆ ಬರುವುದಿಲ್ಲ, ಆದರೆ ಅದು ಸರಿಯಾಗಿ ಕೂರದಿದ್ದರೆ ಮೇಲಿನ ಯಾವ ಬಟ್ಟೆಯೂ ಒಪ್ಪುವುದಿಲ್ಲ. ಉಳಿದ ಹಣದಲ್ಲಿ ಒಂದು ಅಚ್ಚಿಲ್ಲದ ಏಕಬಣ್ಣದ ಟಾಪ್, ಒಂದು ಕೈಅಚ್ಚಿನ ಮಾದರಿಯ ಗಿಡ್ಡ ಕುರ್ತಾ ಸಾಕು. ಗುಂಡಿ ಬಿಚ್ಚಿ ಮೇಲಂಗಿಯಂತೆ ತೊಡಬಹುದಾದ ಸಡಿಲವಾದ ಶರ್ಟ್ ಒಂದು ನಿಮ್ಮ ಬಳಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಅಣ್ಣನದೋ ತಮ್ಮನದೋ ಹಳೆಯ ಕಾಟನ್ ಶರ್ಟೂ ಆಗುತ್ತದೆ. ಶರ್ಟನ್ನು ಮೇಲೆ ಹಾಕಿಕೊಂಡು, ಸೊಂಟಕ್ಕೆ ಕಟ್ಟಿಕೊಂಡು, ಅಥವಾ ಅದರ ಬದಲು ಕತ್ತಿಗೊಂದು ಹತ್ತಿಯ ಸ್ಟೋಲ್ ಸುತ್ತಿಕೊಂಡು ಹೋದರೆ ಆ ಎರಡು ಟಾಪ್‌ಗಳೇ ಫೋಟೊಗಳಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಕಿವಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಓಲೆಗಳನ್ನು ನೋಡಿ. ಹಗುರವಾಗಿರುತ್ತವೆ, ಬೆಲೆಯೂ ಕಡಿಮೆ, ಬಣ್ಣ ದೂರಕ್ಕೂ ಎದ್ದು ಕಾಣುತ್ತದೆ.

ಬಣ್ಣವನ್ನು ಆರಿಸುವಾಗ ನೀವು ನಿಲ್ಲುವ ಜಾಗವನ್ನು ನೆನೆಯಿರಿ. ಕಬ್ಬನ್ ಪಾರ್ಕಿನ ಹಸಿರಿನ ಮುಂದೆ ಹಸಿರು ಉಡುಪು ಕಳೆದುಹೋಗುತ್ತದೆ. ಅಲ್ಲಿ ಕೆನೆಬಿಳುಪು, ಸಾಸಿವೆ, ಗುಲಾಬಿ ಬಣ್ಣಗಳು ಒಪ್ಪುತ್ತವೆ. ಸಂಜೆಯ ಚರ್ಚ್ ಸ್ಟ್ರೀಟಿನಲ್ಲಿ ಅಂಗಡಿಗಳ ಹಳದಿ ದೀಪ ಬಿದ್ದು ಬಿಳಿ ಶರ್ಟು ಮಾಸಿದಂತೆ ಕಾಣುವುದುಂಟು. ಗಾಢ ನೀಲಿ ಅಥವಾ ಕಡುಗೆಂಪು ಆ ಬೆಳಕನ್ನು ತಡೆದುಕೊಳ್ಳುತ್ತದೆ. ನಂದಿ ಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ, ಸೂರ್ಯೋದಯಕ್ಕೆ ಹೋಗುವವರಿಗೆ ಮಂಜು, ಚಳಿ, ಗಾಳಿ ಮೂರೂ ಎದುರಾಗುತ್ತವೆ. ಹಗುರ ಬಟ್ಟೆಯ ಅಗಲ ಲಂಗವನ್ನು ಅಲ್ಲಿ ಹಿಡಿದುಕೊಂಡೇ ನಿಲ್ಲಬೇಕಾಗುತ್ತದೆ. ಪ್ಯಾಂಟ್, ಅದರ ಮೇಲೆ ಬೆಚ್ಚಗಿನ ಇಟ್ಟಿಗೆ ಬಣ್ಣದ್ದೋ ಸಾಸಿವೆ ಬಣ್ಣದ್ದೋ ಒಂದು ಮೇಲುಡುಪು ಇದ್ದರೆ ಬೂದು ಮಂಜಿನ ನಡುವೆ ನೀವು ಸ್ಪಷ್ಟವಾಗಿ ಕಾಣುತ್ತೀರಿ. ಇನ್ನು, ಅದೇ ಬಟ್ಟೆ ಮತ್ತೆ ಫೋಟೊದಲ್ಲಿ ಬಂತೆಂಬ ಮುಜುಗರವನ್ನು ದಯವಿಟ್ಟು ಬಿಟ್ಟುಬಿಡಿ. ದುಡಿದ ಹಣದಲ್ಲಿ ಕೊಂಡ ಬಟ್ಟೆಯನ್ನು ಅದು ಸವೆಯುವವರೆಗೆ ಉಡುವುದರಲ್ಲಿ ತಪ್ಪೇನೂ ಇಲ್ಲ.

ಪ್ರಶ್ನೆ: ಮಾಡೆಲ್ ಮೈಮೇಲೆ ಅಷ್ಟು ಚೆನ್ನಾಗಿ ಕಂಡ ಕುರ್ತಾ ಮನೆಗೆ ಬಂದಾಗ ತೆಳ್ಳಗೆ, ಜೋಲು ಬಿದ್ದಂತಿರುತ್ತದೆ. 400–500 ರೂಪಾಯಿಯ ಬಟ್ಟೆ ಹೇಗಿದೆಯೆಂದು ಕೊಳ್ಳುವ ಮೊದಲೇ ತಿಳಿಯುವ ದಾರಿ ಇದೆಯೇ? — ಶಿವಮೊಗ್ಗದ ಗೃಹಿಣಿ

ಉತ್ತರ: ಪೂರ್ತಿಯಾಗಿ ತಿಳಿಯುವ ದಾರಿ ಇಲ್ಲ, ಆದರೆ ಬಹುಮಟ್ಟಿಗೆ ಊಹಿಸಬಹುದು. ಮೊದಲಿಗೆ, ಜಾಹೀರಾತಿನ ಫೋಟೊ ತೆಗೆಯುವಾಗ ಮಾಡೆಲ್‌ನ ಬೆನ್ನಹಿಂದೆ ಬಟ್ಟೆಯನ್ನು ಕ್ಲಿಪ್ ಹಾಕಿ ಬಿಗಿಗೊಳಿಸುವುದು ಆ ಉದ್ಯಮದ ಸಾಮಾನ್ಯ ರೂಢಿ. ಆದ್ದರಿಂದ ಸೊಂಟದ ಬಳಿ ಕಾಣುವ ಆ ಒಪ್ಪವಾದ ಇಳಿತವನ್ನು ಬಟ್ಟೆಯ ಗುಣವೆಂದು ನಂಬಬೇಡಿ. ಫೋಟೊವನ್ನು ಬಿಟ್ಟು ಕೆಳಗಿನ ವಿವರಣೆಗೆ ಬನ್ನಿ, ಅಲ್ಲಿ ಬಟ್ಟೆಯ ಹೆಸರನ್ನು ಓದಿ.

‘ಕಾಟನ್ ಬ್ಲೆಂಡ್’ ಎಂದು ಮಾತ್ರ ಬರೆದು ಹತ್ತಿ ಶೇಕಡಾ ಎಷ್ಟೆಂದು ಹೇಳದಿದ್ದರೆ, ಅದರಲ್ಲಿ ಪಾಲಿಯೆಸ್ಟರ್ ಹೆಚ್ಚಿದೆಯೆಂದೇ ಎಣಿಸಿಕೊಂಡು ಬೆಲೆಯನ್ನು ತೂಗಿ ನೋಡಿ. ರೇಯಾನ್ ಅಥವಾ ವಿಸ್ಕೋಸ್ ಮರದ ತಿರುಳಿನಿಂದ ತಯಾರಾಗುವ ನೂಲು; ಮೈಮೇಲೆ ಚೆನ್ನಾಗಿ ಇಳಿಬೀಳುತ್ತದೆ, ಫೋಟೊದಲ್ಲಿ ಬಣ್ಣವೂ ತುಂಬಿಕೊಂಡು ಕಾಣುತ್ತದೆ. ಆದರೆ ಒಗೆದಾಗ ಕುಗ್ಗುತ್ತದೆ, ಬೇಗ ಸುಕ್ಕಾಗುತ್ತದೆ, ಒದ್ದೆಯಾದಾಗ ಅದರ ಬಲ ಕಡಿಮೆಯಾಗುವುದರಿಂದ ಜೋರಾಗಿ ಹಿಂಡಿದರೆ ಹಾಳಾಗುತ್ತದೆ. ಪಾಲಿಯೆಸ್ಟರ್ ಕ್ರೇಪ್ ಸುಕ್ಕಾಗದು ನಿಜ. ಆದರೆ ಬೆವರು ಹೀರದು, ಫ್ಲ್ಯಾಶ್ ಬಿದ್ದಾಗ ಮಿರಮಿರ ಹೊಳೆದು ಅದರ ಅಗ್ಗತನವನ್ನು ಹೊರಗೆಡವುತ್ತದೆ. ಟಿ-ಶರ್ಟ್‌ಗಳಿಗಾದರೆ ಜಿ.ಎಸ್.ಎಂ. ಎಂಬ ಅಂಕಿಯನ್ನು ಹುಡುಕಿ. ಅದು ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. 140ರ ಆಸುಪಾಸಿನ ಬಿಳಿ ಟಿ-ಶರ್ಟ್ ಬಿಸಿಲಿನಲ್ಲಿ ಒಳಗಿನದನ್ನು ತೋರಿಸಿಬಿಡುವ ಸಂಭವವೇ ಹೆಚ್ಚು. 180 ನಮ್ಮ ಹವೆಗೆ ಹದವಾದ ತೂಕ.

ಅಳತೆಯ ವಿಷಯದಲ್ಲಿ ‘ಎಂ’, ‘ಎಲ್’ ಅಕ್ಷರಗಳನ್ನು ನೆಚ್ಚಬೇಡಿ, ಅವು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬದಲಾಗುತ್ತವೆ. ನಿಮಗೆ ಚೆನ್ನಾಗಿ ಕೂರುವ ಹಳೆಯ ಕುರ್ತಾ ಒಂದನ್ನು ಮಂಚದ ಮೇಲೆ ಹರಡಿ, ಕಂಕುಳಿನಿಂದ ಕಂಕುಳಿಗೆ ಟೇಪು ಹಿಡಿದು ಬಂದ ಅಂಗುಲಗಳನ್ನು ಇಮ್ಮಡಿ ಮಾಡಿಕೊಳ್ಳಿ. ಭುಜದ ಅಗಲ, ಉದ್ದಗಳನ್ನೂ ಬರೆದಿಟ್ಟುಕೊಳ್ಳಿ. ಅಳತೆಯ ಪಟ್ಟಿಯಲ್ಲಿ ಕೊಟ್ಟಿರುವುದು ಮೈಯ ಅಳತೆಯೋ ಬಟ್ಟೆಯ ಅಳತೆಯೋ ಎಂಬುದನ್ನು ಖಚಿತ ಮಾಡಿಕೊಂಡ ಮೇಲೆಯೇ ಹೋಲಿಸಿ ನೋಡಿ, ಏಕೆಂದರೆ ಈ ಎರಡರ ನಡುವೆ ಮೂರು ನಾಲ್ಕು ಅಂಗುಲಗಳ ಅಂತರವಿರುವುದುಂಟು, ಹೆಚ್ಚಿನ ನಿರಾಸೆಗಳು ಹುಟ್ಟುವುದೂ ಅಲ್ಲಿಯೇ. ಕೊಂಡವರ ಅಭಿಪ್ರಾಯಗಳಲ್ಲಿ ಐದು ನಕ್ಷತ್ರದವುಗಳಿಗಿಂತ ಮೂರು ನಕ್ಷತ್ರದವುಗಳನ್ನು, ಅದರಲ್ಲೂ ಮನೆಯ ಬೆಳಕಿನಲ್ಲಿ ತೆಗೆದ ಫೋಟೊ ಇರುವವುಗಳನ್ನು ನೋಡಿ.

ಪಾರ್ಸೆಲ್ ಬಂದ ಕೂಡಲೇ ಟ್ಯಾಗ್ ಕೀಳದೆ ಕುರ್ತಾವನ್ನು ಒಳಮಗ್ಗುಲು ಮಾಡಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಬದಿಯ ಹೊಲಿಗೆಯ ಆಚೆ ಅರ್ಧ ಅಂಗುಲವಾದರೂ ಬಟ್ಟೆ ಬಿಟ್ಟಿದ್ದಾರೆಯೇ, ಅಂಚಿಗೆ ಓವರ್‌ಲಾಕ್ (ಎಳೆ ಬಿಡದಂತೆ ಸುತ್ತಿ ಹಾಕುವ ಹೊಲಿಗೆ) ಆಗಿದೆಯೇ, ಹೊಲಿಗೆಯನ್ನು ಎರಡು ಕೈಗಳಿಂದ ಮೆಲ್ಲಗೆ ಎಳೆದಾಗ ದಾರದ ನಡುವೆ ಬೆಳಕು ಇಣುಕುತ್ತದೆಯೇ ಎಂದು ಪರೀಕ್ಷಿಸಿ. ಇಣುಕಿದರೆ ಆ ಬಟ್ಟೆ ನಾಲ್ಕು ಒಗೆತಕ್ಕೆ ಬಿಚ್ಚಿಕೊಳ್ಳುವಂಥದ್ದು, ವಾಪಸ್ ಮಾಡಿ. ಒಂದು ಮೂಲೆಗೆ ಒದ್ದೆ ಬಿಳಿ ಕರವಸ್ತ್ರ ಒತ್ತಿ ನೋಡಿದರೆ ಬಣ್ಣ ಬಿಡುವುದೂ ಗೊತ್ತಾಗುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಕಾರ್ಖಾನೆಯಲ್ಲಿ ಸರಿಯಾಗಿ ಕಚ್ಚದೆ ಉಳಿದ ಬಣ್ಣವನ್ನು ಉಪ್ಪು ಆಮೇಲೆ ಹಿಡಿದು ನಿಲ್ಲಿಸುವುದಿಲ್ಲ. ಅಂಥ ಬಟ್ಟೆಯನ್ನು ತಣ್ಣೀರಿನಲ್ಲಿ ಬೇರೆಯಾಗಿ ಒಗೆದು ನೆರಳಿನಲ್ಲಿ ಒಣಗಿಸುವುದೊಂದೇ ದಾರಿ.

ವಾಪಸ್ ಮಾಡುವ ಅವಧಿ ಮುಗಿಯುವ ಮೊದಲು ಟೈಲರ್ ಬಳಿ ಕೊಂಡೊಯ್ಯಬೇಡಿ. ಮುಗಿದ ಮೇಲೆ ಮಾತ್ರ ಖಂಡಿತ ಕೊಂಡೊಯ್ಯಿರಿ. ತೋಳನ್ನು ಒಂದಂಗುಲ ಗಿಡ್ಡ ಮಾಡಿಸಿ, ಬದಿಗಳನ್ನು ತುಸು ಹಿಡಿಸಿದ 450 ರೂಪಾಯಿಯ ಕುರ್ತಾ, ಅಳತೆಗೆ ಒಪ್ಪದ 1,500 ರೂಪಾಯಿಯ ಕುರ್ತಾಕ್ಕಿಂತ ಚೆನ್ನಾಗಿ ಕಾಣುತ್ತದೆ. ನಿಮ್ಮ ಬೀದಿಯ ಟೈಲರ್‌ಗೆ ಕೊಡುವ ಆ ಹಣವನ್ನು ಬಟ್ಟೆಯ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕುವುದು ಜಾಣತನ.

ಪ್ರಶ್ನೆ: ಕಲಬುರಗಿಯ ಬಿಸಿಲಿನಲ್ಲಿ ಓವರ್‌ಸೈಜ್ ಟಿ-ಶರ್ಟ್ ಹಾಕಿದರೆ ಬೆವರಿ ಒದ್ದೆಯಾಗುತ್ತೇನೆ. ಹುಡುಗರಿಗೆ ಬೇರೆ ಏನಿದೆ, ಸರ್/ಮೇಡಂ?

ಉತ್ತರ: ಆ ಟಿ-ಶರ್ಟ್‌ಗಳಲ್ಲಿ ಹಲವು 220ಕ್ಕೂ ಮೇಲ್ಪಟ್ಟ ಜಿ.ಎಸ್.ಎಂ.ನವು, 40 ಡಿಗ್ರಿ ದಾಟುವ ನಿಮ್ಮ ಬೇಸಿಗೆಗೆ ಅವು ಹೇಳಿ ಮಾಡಿಸಿದವಲ್ಲ. ಹತ್ತಿ–ಲಿನನ್ ಬೆರೆತ ಅರ್ಧ ತೋಳಿನ ಶರ್ಟ್ ತರಿಸಿ, ಒಳಗೆ ತೆಳು ಬನಿಯನ್ ಇರಲಿ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೆಯೇ ಕೂರಬೇಕು, ಹೊರಗೆ ಬಿಟ್ಟ ಶರ್ಟಿನ ಅಂಚು ಪ್ಯಾಂಟಿನ ಜೇಬಿನ ನಡುಭಾಗಕ್ಕೆ ನಿಲ್ಲಬೇಕು. ಇವೆರಡು ಸರಿಯಿದ್ದರೆ ಬೆಲೆಯನ್ನು ಯಾರೂ ಕೇಳುವುದಿಲ್ಲ. ತೀರ ಸಣ್ಣ, ಒತ್ತೊತ್ತಾದ ಗೆರೆಗಳು ಬೇಡ. ಮೊಬೈಲ್ ಕ್ಯಾಮೆರಾದಲ್ಲಿ ಅವು ಅಲೆಅಲೆಯಾಗಿ ಕಲಸಿಕೊಳ್ಳುತ್ತವೆ. ಚಪ್ಪಲಿಯನ್ನೋ ಶೂವನ್ನೋ ಒರೆಸಿಕೊಂಡು ಹೋಗಿ.

ಪ್ರಶ್ನೆ: ನಾವು ಧಾರವಾಡದ ಆರು ಗೆಳತಿಯರು, ಐವತ್ತು ದಾಟಿದವರು, ಹಂಪಿಗೆ ಹೊರಟಿದ್ದೇವೆ. ನನಗೆ ಇಳಕಲ್ ಸೀರೆಯಲ್ಲೇ ಫೋಟೊ ತೆಗೆಸಿಕೊಳ್ಳಬೇಕೆಂದಿದೆ, ಮಗಳು ಕುರ್ತಾ ಹಾಕೆನ್ನುತ್ತಾಳೆ. ಆನ್‌ಲೈನಿನಲ್ಲಿ 600 ರೂಪಾಯಿಗೂ ಇಳಕಲ್ ಇದೆ. ಕೊಳ್ಳಬಹುದೇ? ಅಲ್ಲದೆ ಫೋಟೊಗಳಲ್ಲಿ ನನ್ನ ಮುಖ ಯಾವಾಗಲೂ ಕಪ್ಪಾಗಿ ಬರುತ್ತದೆ.

ಉತ್ತರ: ಸೀರೆಯನ್ನೇ ಉಡಿ. ಹಂಪಿಯ ಬಂಡೆಗಳ ಮುಂದೆ ಕಡುನೀಲಿಯ ಅಥವಾ ದಾಳಿಂಬೆ ಬಣ್ಣದ ಇಳಕಲ್ ಸೀರೆಗೆ ಸರಿಗಟ್ಟುವ ಉಡುಪು ನನಗಂತೂ ಹೊಳೆಯುವುದಿಲ್ಲ. ಹಗುರವಾದ ಹತ್ತಿಯ ಒಡಲಿನದನ್ನು ಆರಿಸಿದರೆ ನಡೆಯುವುದಕ್ಕೂ ತೊಡಕಾಗದು.

ಆದರೆ 600 ರೂಪಾಯಿಯದು ಕೈಮಗ್ಗದ್ದಾಗಿರುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು. ಅದು ಇಳಕಲ್ ದಡಿಯನ್ನು, ಎಂದರೆ ಅಂಚನ್ನು, ಹೋಲುವ ವಿದ್ಯುತ್ ಮಗ್ಗದ ಸೀರೆ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಟೋಪಿ ತೆನೆ ಎಂಬ ವಿನ್ಯಾಸದ ಕೆಂಪು ಸೆರಗು ಒಡಲಿಗೆ ಕೂಡುವ ಆ ಗೆರೆಯನ್ನು ತಿರುಗಿಸಿ, ಬೆರಳಾಡಿಸಿ ನೋಡಿದರೆ ಕೊಂಡಿಗಳ ಸಾಲು ತಿಳಿಯುತ್ತದೆ. ಜಾಲತಾಣದ ಫೋಟೊದಲ್ಲಿ ಇದನ್ನು ಹತ್ತಿರದಿಂದ ತೋರಿಸದ ಮಾರಾಟಗಾರನನ್ನು ಕೇಳಿ ತಿಳಿದುಕೊಳ್ಳಿ, ಕೈಮಗ್ಗದ್ದೆಂದು ಸೂಚಿಸುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ಎಂದೂ ವಿಚಾರಿಸಿ. ಬಜೆಟ್ ಚಿಕ್ಕದಿದ್ದರೆ ಹೊಸ ಸೀರೆಯ ಗೊಡವೆಯೇ ಬೇಡ. ಪೆಟ್ಟಿಗೆಯಲ್ಲಿರುವ ಹಳೆಯ ಚಿಕ್ಕಿ ದಡಿಯ ಸೀರೆಯನ್ನೋ ಗೋಮಿ ದಡಿಯದನ್ನೋ ತೆಗೆದು, ಗುಳೇದಗುಡ್ಡದ ಖಣವನ್ನು (ಕುಪ್ಪಸದ ನೇಯ್ಗೆ ಬಟ್ಟೆ) ಮಾತ್ರ ತರಿಸಿ ಕುಪ್ಪಸ ಹೊಲಿಸಿ. ಇಳಕಲ್ಲೂ ಗುಳೇದಗುಡ್ಡವೂ ಬಾಗಲಕೋಟೆ ಜಿಲ್ಲೆಯವೇ, ಈ ಎರಡು ನೇಯ್ಗೆಗಳ ಜೋಡಿ ನಿಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅಜ್ಜಿಯ ಕಾಲದಿಂದ ಒಪ್ಪಿಬಂದದ್ದು. ಮಗಳಿಗೂ ಅದೇ ಖಣದಲ್ಲಿ ಒಂದು ಗಿಡ್ಡ ಟಾಪ್ ಹೊಲಿಸಿಕೊಟ್ಟರೆ, ಜೀನ್ಸ್ ಮೇಲೆ ಹಾಕಿಕೊಂಡು ಅವಳೂ ನಿಮ್ಮ ಪಕ್ಕದಲ್ಲಿ ನಿಲ್ಲುತ್ತಾಳೆ. ಸೀರೆಯನ್ನು ಪಾದದ ಗಂಟು ಕಾಣುವಷ್ಟು ಎತ್ತಿ ಉಟ್ಟು, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಹಾಕಿಕೊಳ್ಳಿ. ಕಲ್ಲುಮೆಟ್ಟಿಲು ಹತ್ತಿಳಿಯುವುದು ಬಹಳವಿದೆ.

ಮುಖ ಕಪ್ಪಾಗುವುದಕ್ಕೆ ನಿಮ್ಮ ಬಣ್ಣ ಕಾರಣವಲ್ಲ. ಬೆನ್ನಹಿಂದೆ ಬೆಳ್ಳಗಿನ ಆಕಾಶವಿದ್ದಾಗ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಇಡೀ ಚಿತ್ರವನ್ನು ಮಬ್ಬಾಗಿಸುತ್ತದೆ. ತೆಗೆಯುವವರು ಪರದೆಯ ಮೇಲೆ ನಿಮ್ಮ ಮುಖ ಇರುವಲ್ಲಿ ಬೆರಳೊತ್ತಿದರೆ ಅರ್ಧ ಸಮಸ್ಯೆ ಕಳೆಯಿತು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಣ್ಣ ಕೆಳಗೆ ನೆರಳು ಬೀಳುವುದರಿಂದ, ನಡುಮಧ್ಯಾಹ್ನ ಮಂಟಪದ ನೆರಳಿನ ಅಂಚಿನಲ್ಲಿ, ಮುಖವನ್ನು ಬಯಲಿನ ಕಡೆಗೆ ಮಾಡಿ ನಿಲ್ಲಿ. ಮೊಬೈಲನ್ನು ಎದೆಯ ಮಟ್ಟದಲ್ಲಿ ಹಿಡಿದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಎರಡು ಪಟ್ಟು ಜೂಮ್‌ನಲ್ಲಿ ತೆಗೆಯಲು ಹೇಳಿ. ತೀರ ಹತ್ತಿರದಿಂದ ತೆಗೆದಾಗ ಅಂಚಿನಲ್ಲಿ ನಿಂತವರ ತೋಳು, ಸೊಂಟ ಹಿಗ್ಗಿದಂತೆ ಕಾಣುತ್ತವೆ. ಆರು ಜನ ಒಟ್ಟಿಗೆ ನಿಲ್ಲುವಾಗ ಇದು ಇನ್ನೂ ಮುಖ್ಯ.

ಪ್ರಶ್ನೆ: ಕಡುಹಸಿರು ಕೋ-ಆರ್ಡ್ ಸೆಟ್ (ಹೊಂದುವ ಟಾಪ್, ಪ್ಯಾಂಟ್‌ಗಳ ಜೋಡಿ) ಆರ್ಡರ್ ಮಾಡಿದ್ದೆ, ನೀಲಿ ಬಂತು. ಮಾರಾಟಗಾರರು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುತ್ತಿದ್ದಾರೆ. ಸಣ್ಣ ಮೊತ್ತವೆಂದು ಬಿಟ್ಟುಬಿಡಲೇ? — ತುಮಕೂರು

ಉತ್ತರ: ಬಿಡಬೇಡಿ. ಇ-ವಾಣಿಜ್ಯಕ್ಕೆ ಸಂಬಂಧಿಸಿದ 2020ರ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣಗಳಿಲ್ಲದ ಅಥವಾ ದೋಷವಿರುವ ವಸ್ತುವನ್ನು ವಾಪಸ್ ಪಡೆಯಲು, ಅದರ ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಪ್ರತಿ ಆನ್‌ಲೈನ್ ಮಳಿಗೆಯೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕಗಳನ್ನು ಪ್ರಕಟಿಸಿರಬೇಕು; ಆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆರ್ಡರ್ ಪುಟದ ಸ್ಕ್ರೀನ್‌ಶಾಟ್, ಬಂದ ಬಟ್ಟೆಯ ಫೋಟೊ, ಬಿಲ್ಲು ಮೂರನ್ನೂ ಲಗತ್ತಿಸಿ ಬರೆಯಿರಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ದೂರುಗಳಿಗೆ ಶುಲ್ಕವಿಲ್ಲ. ಬಣ್ಣ ಸರಿಯಾಗಿಯೇ ಬಂದಿದ್ದು ನಿಮಗೆ ಮೆಚ್ಚಿಗೆಯಾಗದಿದ್ದರೆ ಮಾತ್ರ ಆ ಮಳಿಗೆಯ ವಾಪಸಾತಿ ಷರತ್ತುಗಳೇ ಅನ್ವಯಿಸುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಳಿಗೆಯ ಗ್ರಾಹಕ ಸೇವೆಯ ಸಂಖ್ಯೆಯನ್ನು ಅದರ ಆ್ಯಪ್‌ನ ಒಳಗಿನಿಂದಲೇ ತೆಗೆದುಕೊಳ್ಳಿ, ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ಸಂಖ್ಯೆಗೆ ಕರೆ ಮಾಡಬೇಡಿ. ಹಣ ಮರಳಿಸುತ್ತೇವೆಂದು ಹೇಳಿ ಒ.ಟಿ.ಪಿ. ಕೇಳುವವರು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಲು ಹೇಳುವವರು ವಂಚಕರು. ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದಿಲ್ಲ.