ಪತ್ರಿಕೋದ್ಯಮ ವಿದ್ಯಾರ್ಥಿ ವಾರ್ಡಿನ ರಸ್ತೆ ಬಗ್ಗೆ ಆರ್‌ಟಿಐ ಹಾಕೋದು ಹೇಗೆ?

ಬಿ.ಎ. ಪತ್ರಿಕೋದ್ಯಮದ ಪ್ರಾಜೆಕ್ಟಿಗೆ ನಿಮ್ಮ ವಾರ್ಡಿನ ರಸ್ತೆ ಕಾಮಗಾರಿ ಆರಿಸಿಕೊಂಡಿದ್ದೀರಿ, ಆರ್‌ಟಿಐನಲ್ಲಿ, ಅಂದರೆ ಮಾಹಿತಿ ಹಕ್ಕು ಕಾಯ್ದೆಯಡಿ ಹಾಕುವ ಅರ್ಜಿಯಲ್ಲಿ, ಏನು ಕೇಳಬೇಕು ಅಂದಿದ್ದೀರಿ. ಏನೇ ಕೇಳಿ, ಸೆಮಿಸ್ಟರ್ ಶುರುವಾದ ವಾರವೇ ಅರ್ಜಿ ಹಾಕಿಬಿಡಿ. ಉತ್ತರಕ್ಕೆ 30 ದಿನ ಗಡುವು. ಬರದಿದ್ದರೆ ಮೊದಲ ಮೇಲ್ಮನವಿ, ಅದರ ವಿಲೇವಾರಿಗೆ ಮತ್ತೆ 30ರಿಂದ 45 ದಿನ. ಇಂಟರ್ನಲ್ಸ್ ಮುಗಿಸಿ ಹೊರಟರೆ ದಾಖಲೆ ಕೈಗೆ ಸಿಗುವ ಹೊತ್ತಿಗೆ ವೈವಾನೂ ಮುಗಿದಿರುತ್ತದೆ.

ವಿದ್ಯಾರ್ಥಿಗಳ ಅರ್ಜಿ ಬಹುಪಾಲು ಬೀಳುವುದು ಪ್ರಶ್ನೆಯಲ್ಲೇ. ‘ರಸ್ತೆ ಯಾಕೆ ಕಳಪೆಯಾಗಿದೆ?’ ಅಂತ ಕೇಳಿದರೆ ಒಂದು ಸಾಲಿನ ಹಿಂಬರಹ ಬರುತ್ತದೆ, ಅಷ್ಟೇ. ಮಾಹಿತಿ ಅಧಿಕಾರಿ ಕಚೇರಿಯಲ್ಲಿರುವ ದಾಖಲೆ ಕೊಡಬೇಕೇ ಹೊರತು ಕಾರಣ ವಿವರಿಸಬೇಕಿಲ್ಲ. ಹೀಗೆ ಬರೆಯಿರಿ: ‘2024-25ನೇ ಸಾಲಿನಲ್ಲಿ ಇಂಥ ವಾರ್ಡಿನ ಇಂಥ ಅಡ್ಡರಸ್ತೆಗೆ ಮಾಡಿದ ಡಾಂಬರೀಕರಣದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಅಂತಿಮ ಬಿಲ್ಲು ಇವುಗಳ ದೃಢೀಕೃತ ನಕಲು ಕೊಡಿ.’ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಚರಂಡಿ, ಬೀದಿದೀಪವನ್ನೂ ಅದರಲ್ಲೇ ತುರುಕಬೇಡಿ.

ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಯಾರ ಹೆಸರಿಗೆ ಅನ್ನೋದನ್ನು ಕಚೇರಿಯಲ್ಲೇ ಕೇಳಿಕೊಳ್ಳಿ. ನಕಲಿಗೆ ಎ4 ಪುಟಕ್ಕೆ 2 ರೂಪಾಯಿ. ಕಾಲೇಜಿನ ಲೆಟರ್‌ಹೆಡ್ ಬೇಡವೇ ಬೇಡ. ಈ ಹಕ್ಕಿರುವುದು ನಾಗರಿಕರಿಗೆ, ಸಂಸ್ಥೆಗಲ್ಲ. ನಿಮ್ಮ ಹೆಸರಲ್ಲೇ ಹಾಕಿ. ಮಾಹಿತಿ ಯಾಕೆ ಬೇಕು ಅಂತ ಕೇಳಿದರೆ, ಕಲಂ 6(2)ರ ಪ್ರಕಾರ ಹೇಳಬೇಕಿಲ್ಲ. ಖುದ್ದಾಗಿ ಕೊಟ್ಟರೆ ಸೀಲು, ತಾರೀಖು ಇರುವ ಸ್ವೀಕೃತಿ ತಗೊಳ್ಳದೆ ಬರಬೇಡಿ, ಮೇಲ್ಮನವಿಗೆ ಅದೇ ಆಧಾರ.

ನನ್ನ ಲೆಕ್ಕದಲ್ಲಿ ನಿಜವಾದ ವರದಿ ಇರುವುದು ಅಳತೆ ಪುಸ್ತಕದಲ್ಲಿ. ಇಂಜಿನಿಯರುಗಳು ಎಂ.ಬಿ. ಅನ್ನೋದು ಇದಕ್ಕೇ. ಉದ್ದ, ಅಗಲ, ದಪ್ಪ ಮೂರೂ ಅದರಲ್ಲಿ ಬರೆದಿರುತ್ತವೆ, ಬಿಲ್ಲು ಆಗುವುದೂ ಅದರ ಮೇಲೆ. 30 ಮೀಟರ್ ಟೇಪ್ ಹಿಡಿದು ಇಬ್ಬರು ಹೋಗಿ, ಅಗಲವನ್ನು ನಾಲ್ಕೈದು ಕಡೆ ಅಳೆದು ಪ್ರತಿ ಕಡೆಯ ಫೋಟೋ ತೆಗೆಯಿರಿ. ದಪ್ಪದ ತಂಟೆಗೆ ಹೋಗಬೇಡಿ. ರಸ್ತೆ ಕೊರೆದು ಮಾದರಿ ತೆಗೆಯದೆ ಅದು ತಿಳಿಯುವುದಿಲ್ಲ, ಅಂದಾಜಿನಲ್ಲಿ ‘ತೆಳು’ ಅಂತ ಬರೆದರೆ ಇಡೀ ವರದಿಯ ಮೇಲೇ ಅನುಮಾನ ಬರುತ್ತದೆ. ವ್ಯತ್ಯಾಸ ಕಂಡರೂ ತಕ್ಷಣ ‘ಹಗರಣ’ ಅನ್ನಬೇಡಿ. ನಡುವೆ ಬೇರೆ ಇಲಾಖೆಯವರು ಪೈಪಿಗೆ ಅಗೆದಿರಬಹುದು. ಎಂ.ಬಿ.ಗೆ ಸಹಿ ಹಾಕಿದ ಇಂಜಿನಿಯರಿಗೆ ಎರಡೂ ಅಳತೆ ಬರೆದು ಕಳಿಸಿ, ಅವರ ಉತ್ತರ ಸೇರಿಸಿ.

ಇನ್ನು ಪ್ರಕಟಣೆ. ಕಾಲೇಜಿನ ಪ್ರಾಯೋಗಿಕ ಪತ್ರಿಕೆ ಸಾಕು. ಕ್ಯಾಂಪಸ್ಸಿನ ಸಮುದಾಯ ರೇಡಿಯೊದಲ್ಲಿ ಸ್ವಂತ ಸುದ್ದಿ ಪ್ರಸಾರಕ್ಕೆ ಅನುಮತಿ ಇಲ್ಲ, ಆಕಾಶವಾಣಿಯ ಸುದ್ದಿ ಮಾತ್ರ ಮರುಪ್ರಸಾರ ಮಾಡಬಹುದು. ಅಲ್ಲಿ ‘ಆರ್‌ಟಿಐ ಅರ್ಜಿ ಬರೆಯುವ ಬಗೆ’ ಅಂತ ಮಾಹಿತಿ ಕಾರ್ಯಕ್ರಮ ಮಾಡಿ.