ಚೀನಾದ ಯುಯೆ ಆಪರಾದಲ್ಲಿ ಗಂಡು ಪಾತ್ರವನ್ನೂ ಹೆಂಗಸರೇ ಮಾಡುತ್ತಾರಲ್ಲ, ಮೊದಲಿನಿಂದಲೂ ಹೀಗೇನಾ?

ಇಲ್ಲ. ಹಾಡಿನಲ್ಲೇ ಕಥೆ ಆಡಿ ತೋರಿಸುವ ಈ ನಾಟಕದಲ್ಲಿ ಶುರುವಿನಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಇವತ್ತು ವಿಡಿಯೊದಲ್ಲಿ ನೋಡುವವರು ಗಂಡಸೆಂದೇ ನಂಬಿಬಿಡುವ ನಾಯಕನ ಪಾತ್ರವನ್ನು ನೂರು ವರ್ಷದ ಹಿಂದೆ ಗಂಡಸೇ ಮಾಡುತ್ತಿದ್ದ, ನಾಯಕಿಯನ್ನೂ ಗಂಡಸೇ ಮಾಡುತ್ತಿದ್ದ. ಹೆಂಗಸರ ಕೈಗೆ ಬಂದ ಮೇಲೆ ಹಾಡಿನ ಶ್ರುತಿಯಿಂದ ಹಿಡಿದು ಕಥೆಯವರೆಗೆ ಎಲ್ಲವೂ ಬದಲಾಯಿತು. ನನಗೆ ಈ ಕಲೆಯ ಹುಚ್ಚು ಹಿಡಿಸಿದ್ದೇ ಆ ಬದಲಾವಣೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಶಾಂಘೈಯಿಂದ ದಕ್ಷಿಣಕ್ಕೆ, ಝೆಜಿಯಾಂಗ್ ಪ್ರಾಂತ್ಯದಲ್ಲಿ ಶೆಂಗ್‌ಶಿಯಾನ್ ಎಂಬ ಗುಡ್ಡಗಾಡು ಸೀಮೆ ಇದೆ. ಈಗ ಅದು ಶೆಂಗ್‌ಝೌ. 19ನೇ ಶತಮಾನದ ನಡುವಿನಿಂದ ಅಲ್ಲಿನ ಬಡ ರೈತರು ಬೇಸಾಯದ ಕೆಲಸ ಇಲ್ಲದಾಗ ಮನೆ ಮನೆ ಮುಂದೆ ನಿಂತು ಕಥೆ ಹಾಡುತ್ತಿದ್ದರು. ಕೊಟ್ಟ ಅಕ್ಕಿ, ತಿಂಡಿಯೇ ಸಂಬಳ. ವೇಷ ಇಲ್ಲ, ರಂಗ ಇಲ್ಲ. ಗಂಡಿನ ಮಾತು, ಹೆಣ್ಣಿನ ಮಾತು ಎರಡನ್ನೂ ಒಬ್ಬನೇ ಹಾಡಿ ಮುಗಿಸುತ್ತಿದ್ದ.

1906ರ ವಸಂತದಲ್ಲಿ ಡೊಂಗ್‌ವಾಂಗ್ ಎಂಬ ಹಳ್ಳಿಯಲ್ಲಿ ಇವರು ಮೊದಲ ಸಲ ವೇಷ ಹಾಕಿ ಆಡಿದರು. ಭತ್ತ ಬಡಿಯುವ ನಾಲ್ಕು ದೊಡ್ಡ ಮರದ ತೊಟ್ಟಿ ಇಟ್ಟು, ಮೇಲೆ ಬಾಗಿಲ ಹಲಗೆ ಹಾಸಿದರು. ರಂಗ ಅಂದರೆ ಅಷ್ಟೇ. ಬಟ್ಟೆ ಊರವರಿಂದ ಎರವಲು. ಮಾರ್ಚ್ 27ರ ಆ ದಿನವನ್ನೇ ಈಗ ಯುಯೆ ಆಪರಾದ ಹುಟ್ಟಿದ ದಿನ ಅನ್ನುತ್ತಾರೆ. ಸಣ್ಣ ಡೋಲು, ಮರದ ತಾಳ ಬಿಟ್ಟರೆ ವಾದ್ಯವೇ ಇರಲಿಲ್ಲ. ಆ ಸದ್ದಿನಿಂದಾಗಿ ಜನ ಇವರನ್ನು 'ದಿ-ದು ತಂಡ' ಎಂದು ಕರೆದರು.

1917ರಲ್ಲಿ ಇವರು ಶಾಂಘೈಗೆ ಹೋದರು. ಪೇಟೆಯವರಿಗೆ ಅದು ತೀರಾ ಹಳ್ಳಿಯ ಆಟ ಅನ್ನಿಸಿತು. ಬರಿಗೈಲಿ ವಾಪಸ್ ಬಂದರು, ಮತ್ತೆ ಹೋದರು. ನಿಧಾನಕ್ಕೆ ಬೇರೆ ನಾಟಕಗಳಿಂದ ವಾದ್ಯ, ನಡೆ, ಅಭಿನಯ ಎಲ್ಲ ಕಲಿತು ನೆಲೆ ನಿಂತರು.

ನಿಮ್ಮ ಪ್ರಶ್ನೆಗೆ ನೇರ ಉತ್ತರ 1923ರಲ್ಲಿದೆ. ಶಾಂಘೈಯಲ್ಲಿ ಹುಡುಗಿಯರೇ ಆಡುವ ಬೀಜಿಂಗ್ ಆಪರಾ ತಂಡಗಳಿಗೆ ಜನ ಮುಗಿಬೀಳುತ್ತಿದ್ದರು. ಶೆಂಗ್‌ಶಿಯಾನ್ ಮೂಲದ ವಾಂಗ್ ಜಿನ್‌ಶುಯಿ ಎಂಬ ವ್ಯಾಪಾರಿ ಅದನ್ನು ಗಮನಿಸಿದ. ಊರಿಗೆ ಬಂದು, ಜಿನ್ ರೊಂಗ್‌ಶುಯಿ ಎಂಬ ನಟನನ್ನು ಮೇಷ್ಟ್ರಾಗಿ ಇಟ್ಟುಕೊಂಡು ಶಿಜಿಯಾವ್ ಹಳ್ಳಿಯಲ್ಲಿ ಹುಡುಗಿಯರಿಗೆ ಕಲಿಸುವ ತಂಡ ಕಟ್ಟಿದ. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸೇರಿದರು. ಕಲೆಯ ಆಸೆಯಿಂದ ಅಲ್ಲ, ಮನೆಯ ಬಡತನದಿಂದ. ಇದನ್ನು ಮರೆತು ಈ ಚರಿತ್ರೆ ಹೇಳಬಾರದು ಅಂತ ನನಗೆ ಅನ್ನಿಸುತ್ತದೆ.

ಈ ಹುಡುಗಿಯರು ಮುಂದಿನ ವರ್ಷ ಶಾಂಘೈಯಲ್ಲಿ ಆಡಿದಾಗಲೂ ಸೋತರು. ಗಂಡಸರ ಶ್ರುತಿಯಲ್ಲಿದ್ದ ಹಾಡು ಅವರ ಕಂಠಕ್ಕೆ ಕೂರಲಿಲ್ಲ. ಆಮೇಲೆ ಎರಡು ತಂತಿಯ ಪಿಟೀಲನ್ನು ಹೆಣ್ಣಿನ ಕಂಠಕ್ಕೆ ಹೊಂದುವಂತೆ ದ-ಗ ಸ್ವರಗಳಿಗೆ ಕೂರಿಸಿದರು. ಹಾಡು ಚುರುಕಾಯಿತು, ಹೊಳಪು ಬಂತು. ಆ ಮೊದಲ ತಂಡದಿಂದಲೇ ಬಂದ ಶಿ ಯಿನ್‌ಹುವಾ ದೊಡ್ಡ ಹೆಸರು ಮಾಡಿದಳು. 1937ರಲ್ಲಿ ಜಪಾನ್ ಜೊತೆ ಯುದ್ಧ ಶುರುವಾದ ಮೇಲಂತೂ ಝೆಜಿಯಾಂಗ್‌ನಿಂದ ಜನ ಓಡಿ ಬಂದು ಶಾಂಘೈ ಸೇರಿದರು. ಅವರ ಹಿಂದೆ ಹುಡುಗಿಯರ ತಂಡಗಳೂ ಬಂದವು. ಗಿರಣಿಯಲ್ಲಿ ದುಡಿಯುವ ಹೆಂಗಸರು, ಗೃಹಿಣಿಯರು ಇವರ ಪ್ರೇಕ್ಷಕರಾದರು. ಹೆಂಗಸರ ಕಷ್ಟವನ್ನು ಹೆಂಗಸರೇ ಹಾಡಿ, ಹೆಂಗಸರೇ ಕೇಳುತ್ತಿದ್ದರು. ಗಂಡಸರ ತಂಡಗಳು ಕರಗಿಹೋದವು.

ಆದರೆ ಇವತ್ತು ನಾವು ಕೇಳುವ ಆ ಮೆಲ್ಲಗೆ ಎಳೆಯುವ, ಕರುಳು ಹಿಂಡುವ ಹಾಡು ಹುಟ್ಟಿದ್ದು 1943ರಲ್ಲಿ. ಅದಕ್ಕೆ ಕಾರಣ ಯುವಾನ್ ಶುವೆಫೆನ್. ಅವಳೂ ಶೆಂಗ್‌ಶಿಯಾನ್‌ನವಳೇ, ಹನ್ನೊಂದನೇ ವಯಸ್ಸಿಗೆ ತಂಡ ಸೇರಿದವಳು. 1942ರಲ್ಲಿ ನಾಟಕ ಬರೆಯುವವರು, ನಿರ್ದೇಶಕರು, ರಂಗಸಜ್ಜಿಕೆ ಮಾಡುವವರು ಬೇಕೇ ಬೇಕು ಎಂದು ಹಟ ಹಿಡಿದಳು. ತನ್ನ ಸಂಬಳದ ದೊಡ್ಡ ಪಾಲನ್ನೇ ಅದಕ್ಕೆ ಸುರಿದಳು. ಮುಂದಿನ ವರ್ಷ 'ಶಿಯಾಂಗ್‌ಫೆಯ್' ನಾಟಕದಲ್ಲಿ ಗಂಡನ ಕಡಿದ ತಲೆಯ ಮುಂದೆ ಹೆಂಡತಿ ಅಳುವ ದೃಶ್ಯ. ಹಳೆಯ ಚುರುಕು ಹಾಡಿನಲ್ಲಿ ಆ ದುಃಖ ಹಿಡಿಸಲಿಲ್ಲ. ಹೆಂಡತಿಯ ಪಾತ್ರದಲ್ಲಿದ್ದ ಯುವಾನ್ ದನಿ ತಗ್ಗಿಸಿ ತನಗೆ ಬಂದ ಹಾಗೆ ಹಾಡಿಕೊಂಡು ಅತ್ತಳು. ಪಿಟೀಲಿನ ಝೌ ಬಾವೊಕಾಯ್ ತಂತಿಯನ್ನು ಪ-ರಿ ಸ್ವರಗಳಿಗೆ ಇಳಿಸಿ ಅವಳ ದನಿಯನ್ನೇ ಹಿಂಬಾಲಿಸಿದ. ಆ ಧಾಟಿಗೆ 'ಚಿ ದಿಯಾವ್' ಎಂದು ಹೆಸರು. ಈಗ ಇಡೀ ಯುಯೆ ಆಪರಾ ನಿಂತಿರುವುದೇ ಅದರ ಮೇಲೆ.

ಇಷ್ಟಾದರೂ ಸಮಾಜ ಈ ನಟಿಯರನ್ನು ಗೌರವದಿಂದ ನೋಡಲಿಲ್ಲ. 1946ರಲ್ಲಿ ಹೆಸರಾಂತ ಲೇಖಕ ಲು ಶುನ್ ಅವರ ಕಥೆಯನ್ನು ಯುವಾನ್ ರಂಗಕ್ಕೆ ತಂದಳು. ಎರಡು ಸಲ ವಿಧವೆಯಾದ ಬಡ ಹೆಂಗಸಿನ ಕಥೆ ಅದು. ಅದೇ ವರ್ಷ ನಡುಬೀದಿಯಲ್ಲಿ ಅವಳ ಮೇಲೆ ಮಲ ಎರಚಲಾಯಿತು. ಮರುವರ್ಷ ಅವಳೂ ಸೇರಿ ಹತ್ತು ಹೆಸರಾಂತ ನಟಿಯರು, ತಮ್ಮದೇ ರಂಗಮಂದಿರ ಮತ್ತು ಶಾಲೆಗೆ ಹಣ ಕೂಡಿಸಲು ಒಂದೇ ನಾಟಕದಲ್ಲಿ ಒಟ್ಟಿಗೆ ಆಡಿದರು. 'ಯುಯೆ ಆಪರಾದ ಹತ್ತು ಅಕ್ಕತಂಗಿಯರು' ಎಂದರೆ ಇವರೇ. ಬೇರೆ ಬೇರೆ ತಂಡಗಳ ತಾರೆಯರು ಹೀಗೆ ಒಂದಾಗಿದ್ದು ಸುಮ್ನೆ ಮಾತಲ್ಲ, ಅಲ್ವಾ?

1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ನಂತರ ಸರ್ಕಾರದ ಬೆಂಬಲ ಸಿಕ್ಕಿತು. ಹುಡುಗನ ವೇಷದಲ್ಲಿ ಶಾಲೆಗೆ ಹೋಗುವ ಝು ಯಿಂಗ್‌ತಾಯ್ ಮತ್ತು ಅವಳ ಸಹಪಾಠಿ ಲಿಯಾಂಗ್ ಶಾನ್‌ಬೊ ಕಥೆಯನ್ನು ಬಣ್ಣದ ಚಿತ್ರ ಮಾಡಿದರು. 1954ರ ಜಿನೀವಾ ಸಮ್ಮೇಳನದಲ್ಲಿ ಚೀನಾದ ಪ್ರಧಾನಿ ಝೌ ಎನ್‌ಲಾಯ್ ಅದನ್ನು 'ಚೀನಾದ ರೋಮಿಯೊ ಜೂಲಿಯೆಟ್' ಎಂದು ಹೇಳಿ ವಿದೇಶಿ ಅತಿಥಿಗಳಿಗೆ ತೋರಿಸಿದರು. ಗಂಡುವೇಷದ ಹೆಣ್ಣಾಗಿ ಯುವಾನ್, ಅವಳು ಮೆಚ್ಚುವ ಗಂಡಾಗಿ ಫಾನ್ ರುಯಿಜುವಾನ್. ಇಬ್ಬರೂ ಹೆಂಗಸರೇ. ಗಂಡಸರನ್ನು ಮತ್ತೆ ಸೇರಿಸುವ ಪ್ರಯತ್ನವೂ ಆ ಕಾಲದಲ್ಲಿ ನಡೆಯಿತು, ಕೆಲವು ಒಳ್ಳೆಯ ನಟರೂ ಬಂದರು. ಜನ ಮಾತ್ರ ಹೆಂಗಸರು ಆಡುವ ನಾಯಕನನ್ನು ಬಿಟ್ಟುಕೊಡಲಿಲ್ಲ.

1966ರಿಂದ 1976ರವರೆಗಿನ ಮಾವೊ ಅವರ ಸಾಂಸ್ಕೃತಿಕ ಕ್ರಾಂತಿಯಲ್ಲಿ ಎಲ್ಲ ನಿಂತಿತು. ನಾಯಕ ಪಾತ್ರಗಳಿಗೆ ಹೆಸರಾಗಿದ್ದ ಯಿನ್ ಗುಯಿಫಾಂಗ್ ಆಗ ಅನುಭವಿಸಿದ ಹಿಂಸೆಯಿಂದ ಅಂಗವಿಕಲರಾದರು. ಅವರ ಮೃದುವಾದ, ತಗ್ಗಿದ ದನಿಯ ಶೈಲಿಯನ್ನು ಇವತ್ತಿನ ನಟಿಯರೂ ಕಲಿಯುತ್ತಾರೆ. 2023ರಲ್ಲಿ ಹಾಂಗ್‌ಝೌನಲ್ಲಿ ಶುರುವಾದ 'ಹೊಸ ಡ್ರ್ಯಾಗನ್ ಗೇಟ್ ಇನ್' ಪ್ರದರ್ಶನದ ತುಣುಕುಗಳು ಮೊಬೈಲ್‌ಗಳಲ್ಲಿ ಹಬ್ಬಿದಾಗ, ಗಂಡುವೇಷದ ಚೆನ್ ಲಿಜುನ್ ಅವರನ್ನು ನೋಡಲು ಹೊಸ ತಲೆಮಾರು ಟಿಕೆಟ್‌ಗೆ ಮುಗಿಬಿತ್ತು.

ಮೊದಲು ಯಾವುದು ನೋಡಬೇಕು ಅಂದರೆ, 1962ರ 'ಕೆಂಪು ಮಹಲಿನ ಕನಸು' ಚಿತ್ರ ನೋಡಿ. ನಾಯಕ ಬಾವೊಯು ಆಗಿ ಶೂ ಯುಲಾನ್, ನಾಯಕಿ ದಾಯ್‌ಯು ಆಗಿ ವಾಂಗ್ ವೆನ್‌ಜುವಾನ್. ದಾಯ್‌ಯು ತನ್ನ ಕವಿತೆಗಳನ್ನು ಸುಡುವ ದೃಶ್ಯದಲ್ಲಿ ಪಿಟೀಲು ಹೇಗೆ ಅವಳ ಉಸಿರಿಗೆ ಕಾಯುತ್ತದೆ ಎಂದು ಗಮನಿಸಿ. ಸಬ್‌ಟೈಟಲ್ ಇರುವ ಪ್ರತಿಯನ್ನೇ ಹುಡುಕಿ, ಸಾಹಿತ್ಯ ತಿಳಿಯದಿದ್ದರೆ ಅರ್ಧ ಸೊಗಸು ಕೈತಪ್ಪುತ್ತದೆ.